ಒಂದೇ ಮಡು, ಎರಡು ಎಂಜಿನ್

ಚನ್ನಬಸವಯ್ಯನವರ ತೋಟಕ್ಕೆ ನೀರೆತ್ತುವ ದೊಡ್ಡ ಡೀಸೆಲ್ ಎಂಜಿನ್ ಬಂದಿಳಿದಿದೆ ಎಂಬ ಸುದ್ದಿ ಮುಟ್ಟಿದಾಗ ಶಾಂತಮಲ್ಲಪ್ಪನವರು ಬೆಳಗಿನ ರೊಟ್ಟಿ ಮುರಿಯುತ್ತಿದ್ದರು. ಸೊಸೆ ತನುಜಾ ಎರಡನೆಯ ರೊಟ್ಟಿ ತರುವಷ್ಟರಲ್ಲಿ ಅವರು ಅಂಗಳದಲ್ಲಿದ್ದರು. ಸ್ಟೋರಿನಲ್ಲಿರುವ ಪೈಪುಗಳನ್ನೆಲ್ಲ ಈಗಲೇ ಹಳ್ಳದ ದಡಕ್ಕೆ ಹೊರಿಸು ಎಂದು ಮಗ ರಾಜಶೇಖರನಿಗೆ ಹೇಳುತ್ತಿದ್ದರು. ಕಾಫಿ ಮೊಗ್ಗು ಇನ್ನೂ ಬಲಿತಿಲ್ಲವಲ್ಲಪ್ಪಾ, ಒಂದು ವಾರವಾದರೂ ಬೇಕು ಎಂದು ಅವನು ಗೊಣಗಿದ.

"ಮೊಗ್ಗು ಬಲಿಯೋ ಹೊತ್ಗೆ ಮಡುವೇ ಇರಲ್ಲ ಕಣೋ," ಎಂದರು ಶಾಂತಮಲ್ಲಪ್ಪನವರು.

ಎರಡು ತೋಟಕ್ಕೂ ನಡುವೆ ಇರುವುದು ಒಂದೇ ಹಳ್ಳ. ಬೇಸಿಗೆಯಲ್ಲಿ ನೀರು ನಿಲ್ಲುವುದು ಅದರ ಒಂದು ಮಡುವಿನಲ್ಲಿ ಮಾತ್ರ. ತೋಟದ ಯಜಮಾನರಿಬ್ಬರೂ ಷಡ್ಡಕರು, ಅಕ್ಕತಂಗಿಯರನ್ನು ಮದುವೆಯಾದವರು. ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಇಬ್ಬರೂ ಸೇರಿ ಮರಳು ಚೀಲ ಪೇರಿಸಿ ಹಳ್ಳಕ್ಕೆ ಕಟ್ಟೆ ಹಾಕುವುದು, ಅರ್ಧ ನೀರು ಇವರು, ಅರ್ಧ ಅವರು ಗಿಡಕ್ಕೆ ಹಾರಿಸಿಕೊಳ್ಳುವುದು ನಡೆದುಬಂದ ಪದ್ಧತಿ. ಸಣ್ಣ ಎಂಜಿನ್‌ಗಳ ಕಾಲದಲ್ಲಿ ಯಾರು ಎಷ್ಟು ಎಳೆದರೆಂದು ಯಾರೂ ಅಳೆಯಲು ಹೋಗಲಿಲ್ಲ. ಕಾಫಿಗೆ ಒಳ್ಳೆಯ ರೇಟು ಬಂದದ್ದೇ ಶಾಂತಮಲ್ಲಪ್ಪನವರು ಪೈಪು ಹೆಚ್ಚಿಸಿದರು. ಅದನ್ನು ನೋಡಿ ಈಗ ಚನ್ನಬಸವಯ್ಯನವರು ಎಂಜಿನ್ ಹೆಚ್ಚಿಸಿದ್ದಾರೆ, ಅಷ್ಟೆ.

ಕೆ. ಹೊಸಕೋಟೆಯ ಹೈಸ್ಕೂಲಿನಲ್ಲಿ ತನುಜಾ ಸಮಾಜ ಪಾಠ ಮಾಡುವವಳು. ಸಂಜೆ ಬಸ್ಸಿಳಿದು ಬಂದರೆ, ಇವತ್ತೇನು ಹೇಳಿಕೊಟ್ಟೆ ಎಂದು ಮಾವ ವಿಚಾರಿಸುವುದು ವಾಡಿಕೆ. ಆ ದಿನದ ಪಾಠ ಮೊದಲನೇ ಮಹಾಯುದ್ಧದ ಕಾರಣಗಳು. ರಾಜಕುಮಾರನೊಬ್ಬನ ಕೊಲೆ ಬರೀ ಕಿಡಿ, ಸೌದೆ ಅದಕ್ಕೂ ಮೊದಲೇ ಒಟ್ಟಿಯಾಗಿತ್ತು ಎಂದು ಅವಳು ಶುರುಮಾಡಿದಳು. ದೇಶಗಳು ಎರಡು ಗುಂಪಾಗಿದ್ದವು. ಒಬ್ಬರು ಹಡಗು ಕಟ್ಟಿದರೆ ಇನ್ನೊಬ್ಬರು ಇನ್ನೂ ದೊಡ್ಡದು ಕಟ್ಟಿದರು. ರಷ್ಯಾ ಸೈನ್ಯ ಕೂಡಿಸತೊಡಗಿದಾಗ, ಅವರು ಸಿದ್ಧವಾಗುವವರೆಗೆ ಕಾದರೆ ನಾವು ಕೆಟ್ಟೆವು ಎಂದು ಜರ್ಮನಿ ಹೊರಟಿತು. ರೈಲು ಹತ್ತಿಸಿದ ಸೈನ್ಯವನ್ನು ನಡುದಾರಿಯಲ್ಲಿ ನಿಲ್ಲಿಸಲು ಯಾರಿಗೂ ಧೈರ್ಯವಾಗಲಿಲ್ಲ. ಇಷ್ಟಾಗಿ ಆ ಎರಡು ದೇಶದ ದೊರೆಗಳು ನೆಂಟರು ಬೇರೆ.

"ನೆಂಟರಾ? ಮತ್ತೆ ಕೂತ್ಕಂಡು ಮಾತಾಡಕ್ಕೇನಾಗಿತ್ತು ಧಾಡಿ?"

"ಮಾತಾಡ್ತಾನೇ ಇದ್ರು ಮಾವ, ತಂತಿ ಕಳಿಸ್ಕೊಂಡು. ಸೈನ್ಯ ಕಳಿಸೋದನ್ನೂ ನಿಲ್ಲಿಸ್ಲಿಲ್ಲ."

ಎಂಥಾ ಪೆದ್ದರಿರಬೇಕು ಎಂದು ಮಾವ ಮನಸಾರೆ ನಕ್ಕರು. ಆ ನಗು ಇಳಿಯುವ ಮುಂಚೆ ತನುಜಾ, ತಾನು ಹೋಗಿ ಚಿಕ್ಕಮಾವ ಚನ್ನಬಸವಯ್ಯನವರನ್ನು ಒಂದು ಮಾತು ಕೇಳಿಕೊಂಡು ಬರಲೇ ಎಂದಳು. "ಹೋಗ್ಬಾ. ನಾನು ಕಳ್ಸಿದೆ ಅನ್ಬ್ಯಾಡ," ಎಂದರು ಮಾವ.

ಚನ್ನಬಸವಯ್ಯನವರು ಅವಳಿಗೆ ಕಾಫಿ ಕೊಡಿಸಿ, ತಮ್ಮ ಕಡೆಯ ಪುರಾಣವನ್ನೆಲ್ಲ ಬಿಚ್ಚಿದರು. ನಿಮ್ಮಾವ ಪೈಪು ತಂದಾಗ ನಾನು ಯಾಕೆ ಅಂತ ಕೇಳಿದ್ದೆನಾ ಎಂಬಲ್ಲಿಂದ ಶುರುವಾಗಿ, ಮಾತು ಅವರದೇ ಮದುವೆಯ ಊಟದಲ್ಲಿ ನಡೆದ ಕೊಂಕಿನವರೆಗೂ ಹೋಗಿ ಬಂತು. ಕೊನೆಗೆ, ಶಿವರಾತ್ರಿ ಕಳೆಯುವವರೆಗೆ ಎಂಜಿನ್ ಮುಟ್ಟುವುದಿಲ್ಲ, ಆಮೇಲೆ ಎಂದಿನಂತೆ ಅರ್ಧರ್ಧ ಎಂದು ಒಪ್ಪಿದರು. ಅವಳು ಮೆಟ್ಟಿಲಿಳಿಯುವಾಗ ಮತ್ತೆ ಕರೆದರು.

"ಇದನ್ನೂ ಹೇಳ್ಬುಡು ನಿಮ್ಮಾವಂಗೆ. ಆ ಕಡೆಯಿಂದ ಎಂಜಿನ್ ಸದ್ದು ಬಂತೋ, ಯಾಕೆ ಏನು ಅಂತ ಕೇಳಕ್ಕೆ ನಾನು ಆಳು ಕಳ್ಸಲ್ಲ. ನಂದೂ ಸ್ಟಾರ್ಟ್ ಮಾಡ್ತೀನಿ. ಒಂದ್ಸಲ ಗಿಡಕ್ಕೆ ನೀರು ಮುಟ್ಸಿದ್ರೆ ನಡುವೆ ನಿಲ್ಸಕ್ಕಾಗಲ್ಲ, ಅದು ನಿಂಗೂ ಗೊತ್ತೈತೆ."

ಗೊತ್ತಿತ್ತು. ಅರೆಬರೆ ನೆನೆದ ಮೊಗ್ಗು ಅರಳದೆ ಕರಟಿಹೋಗುತ್ತದೆ. ಆದರೂ, ಹಿರಿಯರ ಗಡಸು ಮಾತನ್ನು ಸೊಸೆಯಾದವಳು ಮನೆಯಿಂದ ಮನೆಗೆ ಹೊರಬಾರದು ಎಂದು ತವರಿನಲ್ಲಿ ಅವಳಿಗೆ ಕಲಿಸಿದ್ದರು. ಹಳ್ಳ ದಾಟುವಾಗ ಆ ಮಾತನ್ನು ಅಲ್ಲೇ ಬಿಟ್ಟಳು. ಶಿವರಾತ್ರಿವರೆಗೆ ಮುಟ್ಟುವುದಿಲ್ಲವಂತೆ, ಅರ್ಧರ್ಧವಂತೆ ಎಂದಷ್ಟೇ ಮಾವನಿಗೆ ಹೇಳಿದಳು. ಮಾವ ಆ ರಾತ್ರಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಭಾನುವಾರ ಅವಳು ಬಟ್ಟೆ ಹಿಂಡುತ್ತಿದ್ದಾಗ ಹಳ್ಳದ ಕಡೆಯಿಂದ ಎಂಜಿನ್ ಸದ್ದು ಕೇಳಿತು. ತಮ್ಮ ಮನೆಯದೇ ಎಂಜಿನ್. ಒದ್ದೆ ಸೆರಗಿನಲ್ಲೇ ಓಡಿದಳು. ಮಡುವಿನ ಬಳಿ ಶಾಂತಮಲ್ಲಪ್ಪನವರು ನೆಮ್ಮದಿಯಿಂದ ನಿಂತಿದ್ದರು. ವರ್ಷವೆಲ್ಲ ಸ್ಟೋರಿನಲ್ಲಿ ಕೂತ ಎಂಜಿನ್ ಶಿವರಾತ್ರಿ ಮಾರನೇ ದಿನ ಕೈಕೊಟ್ಟರೆ ಎಂದು ಒಂದು ಟ್ರಯಲ್ ನೋಡುತ್ತಿದ್ದರು. ಅವಳ ಮುಖ ನೋಡಿ ಗಾಬರಿಯಾಗಿ ಆಫ್ ಮಾಡಿದರು. ಅದು ಕೆಮ್ಮಿ ಕೆಮ್ಮಿ ನಿಲ್ಲುವ ಮೊದಲೇ ಎದುರು ದಡದಲ್ಲಿ ಆ ದೊಡ್ಡ ಎಂಜಿನ್ ಗುಡುಗಿತು.

"ನೋಡ್ದಾ? ಶಿವರಾತ್ರಿ ಅಂದೋನು," ಎಂದರು ಮಾವ.

ತನುಜಾ ಆಗ ಹೇಳಿದಳು, ಬಿಟ್ಟುಬಂದಿದ್ದ ಮಾತನ್ನು ಅಕ್ಷರ ಬಿಡದೆ ಹೇಳಿದಳು. ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ, ಅವರಾಗಲೇ ಬಗ್ಗಿ ಹ್ಯಾಂಡಲ್ ತಿರುಗಿಸುತ್ತಿದ್ದರು.

ಎರಡು ಎಂಜಿನ್‌ಗಳೂ ಹಗಲೂ ರಾತ್ರಿ ಓಡಿದವು. ಇರುವಷ್ಟು ಗಿಡಕ್ಕೂ ಮುಟ್ಟಿಸಿಬಿಡಬೇಕೆಂಬ ಅವಸರದಲ್ಲಿ, ನೆಲ ನೆನೆಯುವ ಮೊದಲೇ ಪೈಪುಗಳನ್ನು ಕಿತ್ತು ಮುಂದಕ್ಕೆ ಒಯ್ದರು. ಮಂಗಳವಾರ ಬೆಳಿಗ್ಗೆ ಎರಡು ಪೈಪಿನ ಬಾಯಿಗೂ ಕೆಸರು ಸಿಕ್ಕಿತು. ಎರಡು ತೋಟದ ಲೈನ್‌ಮನೆಗಳ ಆಳುಗಳೂ ಒಟ್ಟಿಗೆ ಮಡುವಿಗಿಳಿದು, ಒಬ್ಬರನ್ನೊಬ್ಬರು ಹಾಸ್ಯ ಮಾಡುತ್ತಾ, ಒಂದೇ ಬುಟ್ಟಿಗೆ ಮೀನು ಹಿಡಿದು ಹಾಕಿದರು.

ನೀರು ಮುಟ್ಟಿಸಿದ ಹತ್ತನೇ ದಿನಕ್ಕೆ ಗುಡ್ಡವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿ ಘಮ್ಮೆನ್ನಬೇಕಿತ್ತು. ಆ ಬೆಳಿಗ್ಗೆ ತನುಜಾ ಶಾಲೆಗೆ ಹೊರಟಾಗ ಮಾವ ಜಗುಲಿಯ ಕಂಬ ಹಿಡಿದು ನಿಂತಿದ್ದರು. ಅಂಗಳದಂಚಿನ ಗಿಡಗಳಲ್ಲಿ ಮೊಗ್ಗು ಸುಟ್ಟ ಬತ್ತಿಯ ಹಾಗೆ ಕಪ್ಪಗೆ ಅಂಟಿಕೊಂಡಿತ್ತು. ಅವರು ಅದನ್ನು ನೋಡುತ್ತಿರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಹಳ್ಳದಾಚೆಯ ಇಳಿಜಾರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಅವಳ ಕಡೆ ತಿರುಗಿದರು.

"ಅವಂದೂ ಅರಳಿಲ್ಲ ಕಣಮ್ಮ," ಎಂದರು.