ಕೆರೆ ಏರಿಯ ಓಟ

ಕುಣಿಗಲ್ ಕೆರೆ ಏರಿಯ ಅರ್ಧಕ್ಕೆ ಬರುವಷ್ಟರಲ್ಲಿ ಕನಕರಾಜು ಎದೆ ಹಿಡಿದುಕೊಂಡು ಕುಳಿತುಬಿಟ್ಟ. ಮೈಯೆಲ್ಲ ಬೆವತಿತ್ತು. ಜೊತೆಯಲ್ಲಿದ್ದ ಹೆಂಡತಿ ಪುಟ್ಟಗಂಗಮ್ಮನ ಕಡೆ ನೋಡಿ, "ಇವತ್ತು ಹೋಗ್ಬುಡ್ತೀನಿ ಕಣೇ. ಎದೆ ಹೆಂಗ್ ಹೊಡ್ಕೋತಾ ಐತೆ ನೋಡು" ಎಂದ.

ಅವಳು ಪಕ್ಕದಲ್ಲೇ ಕುಳಿತು, ಅವನ ಕೈಯನ್ನು ಎಳೆದು ತನ್ನ ಕತ್ತಿನ ಪಕ್ಕಕ್ಕೆ ಒತ್ತಿಕೊಂಡಳು. ಅಲ್ಲಿಯೂ ನಾಡಿ ಹಾಗೆಯೇ ಬಡಿಯುತ್ತಿತ್ತು.

"ನಂದೂ ಹಂಗೇ ಹೊಡ್ಕೋತಾ ಐತೆ. ಬಿರಬಿರನೆ ನಡೆದ್ರೆ ಯಾರಿಗಾದ್ರೂ ಹಂಗೇ. ಅದು ಇಳಿಯೋವರ್ಗೂ ಕಾಯಾಣ, ಎದ್ದೋಗ್ಬೇಡಿ."

ಕನಕರಾಜು ತುಮಕೂರು ಬಸ್ಸಿನ ಚಾಲಕ. ಬೇಸಿಗೆಯಲ್ಲೊಂದು ದಿನ ಹೆಬ್ಬೂರಿನ ಹತ್ತಿರ ಒಂದು ಮೊಪೆಡ್ ಜಾರಿ, ಸವಾರ ಅವನ ಬಸ್ಸಿನ ಮುಂದೆಯೇ ಬಿದ್ದಿದ್ದ. ಬ್ರೇಕ್ ಒತ್ತಿದಾಗ ಚಕ್ರ ಸವಾರನ ತಲೆಯಿಂದ ಗೇಣು ದೂರದಲ್ಲಿ ನಿಂತಿತು. ಬಿದ್ದವನು ಎದ್ದು, ಪಂಚೆ ಕೊಡವಿಕೊಂಡು ಹೊರಟುಹೋದ. ಕನಕರಾಜುವಿಗೆ ಮಾತ್ರ ಅದು ಅಲ್ಲಿಗೆ ಮುಗಿಯಲಿಲ್ಲ. ಸ್ಟೀರಿಂಗ್ ಹಿಡಿದರೆ ಸಾಕು, ಎದೆ ಹೊಡೆದುಕೊಂಡು ಉಸಿರು ಕಟ್ಟುತ್ತಿತ್ತು. ರಜೆ ಹಾಕಿ ಮನೆ ಸೇರಿದವನು ಹೊಸ್ತಿಲು ದಾಟುವುದನ್ನೂ ಬಿಟ್ಟ. ಹೀಗೇ ಆದರೆ ಇನ್ನು ಬಸ್ ಕೊಡುವುದಿಲ್ಲ, ಗೇಟು ಕಾಯುವ ಕೆಲಸಕ್ಕೆ ಹಾಕುತ್ತೇವೆ ಎಂದು ಡಿಪೋದಿಂದ ಹೇಳಿ ಕಳಿಸಿದ್ದರು. ತುಮಕೂರಿನ ಮನೋವೈದ್ಯೆ ಪರೀಕ್ಷೆಗಳನ್ನೆಲ್ಲ ನೋಡಿ, ಹೃದಯಕ್ಕೆ ಏನೂ ಆಗಿಲ್ಲ, ಹೆದರಿರುವುದು ಮನಸ್ಸು ಎಂದರು. ಮಾತ್ರೆ ಬರೆದುಕೊಟ್ಟು, ಅದರ ಜೊತೆಗೆ ದಿನಾ ಬೆವರು ಬರುವಷ್ಟು ನಡೆಯಲೇಬೇಕು ಎಂದೂ ಹೇಳಿದರು. ಅವನು ಒಬ್ಬನೇ ಹೋಗುವವನಲ್ಲವೆಂದು ಪುಟ್ಟಗಂಗಮ್ಮ ಡೈರಿಗೆ ಹಾಲು ಹಾಕಿದ ಮೇಲೆ ತಾನೇ ಹೊರಡಿಸಿಕೊಂಡು ಬರುತ್ತಿದ್ದಳು.

ಏರಿಯ ಮೇಲೆ ಕುಳಿತೇ ಇದ್ದರು. ಮೊದಲು ಅವಳ ನಾಡಿ ನಿಧಾನವಾಯಿತು. ಆಮೇಲೆ ಅವನದು. ಕನಕರಾಜು ನಂಬಲಾರದವನಂತೆ ಎದೆ ಮುಟ್ಟಿ ನೋಡಿಕೊಂಡು, "ಇಳೀತು" ಎಂದ.

ಮರುದಿನ ಬರುವುದಿಲ್ಲವೆಂದು ಹಟ ಮಾಡಿದ, ಆದರೂ ಬಂದ. ನಡಿಗೆ ಬಿರುಸಾಯಿತು, ಮಳೆಗಾಲ ಮುಗಿಯುವಷ್ಟರಲ್ಲಿ ಓಟವಾಯಿತು. ಓಡಿದಾಗ ಎದೆ ಬಸ್ಸಿನಲ್ಲಿ ಬಡಿದುಕೊಂಡದ್ದಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು, ನಿಂತರೆ ಬಡಿತ ತಾನಾಗಿಯೇ ಇಳಿಯುತ್ತಿತ್ತು. ಹೊಟ್ಟೆ ಹಸಿಯತೊಡಗಿತು. ಏರಿಯ ಮೇಲೆ ಸಿಕ್ಕವರ ಜೊತೆ ನಿಂತು ಹರಟೆ ಹೊಡೆಯತೊಡಗಿದ. ವೈದ್ಯೆ ಮಾತ್ರೆ ಕಡಿಮೆ ಮಾಡಿ, ಬಸ್ ಓಡಿಸಬಹುದು ಎಂದರು.

ಅವನು ಡ್ಯೂಟಿಗೆ ಹೋದ ಮೊದಲ ದಿನ ಪುಟ್ಟಗಂಗಮ್ಮ, ತುಮಕೂರಿನಲ್ಲಿ ಏನೋ ಕೆಲಸವಿದೆಯೆಂದು ಹೇಳಿ ಅದೇ ಬಸ್ ಹತ್ತಿದಳು. ಹೆಬ್ಬೂರು ದಾಟುತ್ತಿದ್ದಂತೆ ಕರುವೊಂದು ರಸ್ತೆಗೆ ನುಗ್ಗಿತು. ಬ್ರೇಕ್ ಬಿತ್ತು. ಕನಕರಾಜುವಿನ ಎದೆ ಹೊಡೆದುಕೊಳ್ಳತೊಡಗಿತು. ಕಂಡಕ್ಟರ್ ಗೋವಿಂದರಾಜು ಗಾಬರಿಯಿಂದ ಮುಂದೆ ಬಂದ. ಕನಕರಾಜು ಸ್ಟೀರಿಂಗ್ ಬಿಡಲಿಲ್ಲ. ಏರಿಯ ಮೇಲಿನ ಬಡಿತವೇ ಇದು, ಬೇರೆಯದಲ್ಲ ಎಂದುಕೊಂಡು ಕಾದ. ಕರು ಆಚೆಗೆ ಹೋಯಿತು. ಎದೆಬಡಿತವೂ ಇಳಿಯಿತು. ಗೇರ್ ಹಾಕಿದ.

ತುಮಕೂರು ನಿಲ್ದಾಣದಲ್ಲಿ ಜನರೆಲ್ಲ ಇಳಿದ ಮೇಲೆ, ಅವಳು ಎಷ್ಟು ಹೆದರಿದಳೋ ಎಂದು ಹಿಂತಿರುಗಿ ನೋಡಿದ. ಪುಟ್ಟಗಂಗಮ್ಮ ಕಿಟಕಿಗೆ ತಲೆ ಆನಿಸಿ, ಬಾಯಿ ಅರೆ ತೆರೆದು ಗಾಢವಾಗಿ ನಿದ್ದೆ ಮಾಡುತ್ತಿದ್ದಳು.

"ಕುಣಿಗಲ್ ಬಿಟ್ಟ ತಕ್ಷಣ ಮಲಗಿದ್ದು ಕಣಣ್ಣ, ಬ್ರೇಕ್ ಹೊಡೆದಾಗ್ಲೂ ಏಳ್ಲಿಲ್ಲ" ಎನ್ನುತ್ತ ಗೋವಿಂದರಾಜು ಎಬ್ಬಿಸಲು ಹೋದ. ಕನಕರಾಜು ಕೈಸನ್ನೆಯಲ್ಲೇ ತಡೆದ. ಮೆಲ್ಲಗೆ ಕೆಳಗಿಳಿದು, ಕಿಟಕಿಯ ಹೊರಗೆ, ಅವಳ ಮುಖದ ಮೇಲೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ನಿಂತುಕೊಂಡ.