ಮೂರೇ ದಿನಕ್ಕೆ ವಾಸಿ

ಖೊ-ಖೊ ಆಡುವಾಗ ಭಾರ್ಗವಿಯ ಮಂಡಿಚಿಪ್ಪು ಪಕ್ಕಕ್ಕೆ ಜಾರಿ, ತಾನಾಗಿಯೇ ಸ್ವಸ್ಥಾನಕ್ಕೆ ಬಂದಿತ್ತು. ಎರಡು ತಿಂಗಳ ಮೇಲೆ ಕಾಲು ಮಡಿಸಲೂ ಆಗದಾದಾಗ ತಾತ ಅವಳನ್ನು ಆಸ್ಪತ್ರೆಗೆ ಕರೆತಂದರು.

ವೈದ್ಯರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು.

"ಚಿಪ್ಪು ಜಾರಿದಾಗ ಮೂಳೆಯ ಸಮೇತ ಮೃದ್ವಸ್ಥಿಯ ಒಂದು ಚೂರು ಕಿತ್ತುಬಂದಿದೆ. ಆ ವಾರವೇ ತಂದಿದ್ರೆ ಅದನ್ನ ಅದರ ಜಾಗಕ್ಕೇ ಕೂರಿಸಬಹುದಿತ್ತು. ಈಗ ಸವೆದುಹೋಗಿದೆ, ತೆಗೆದುಹಾಕ್ಬೇಕು."

"ಮತ್ತೆ ಓಡ್ತಾಳಾ ಸ್ವಾಮಿ?"

"ಹದಿನಾಲ್ಕೇ ವರ್ಷ ಅಲ್ವಾ? ಮೊದಲು ನೋವಿಲ್ಲದೆ ನಡೀಲಿ. ಓಟದ ಮಾತು ಈಗ ಬೇಡ."

ತಾತ ಮೊಮ್ಮಗಳ ಕಡೆ ತಿರುಗಿದರು.

"ಮೂರೇ ದಿನಕ್ಕೆ ನೋವು ಹೋಯ್ತು ಅಂದ್ಯಲ್ಲೇ ಪುಟ್ಟಿ. ಅಂಗಳದ ತುಂಬ ಓಡಿ ತೋರಿಸ್ದೆ. ನಿಮ್ಮ ದೇವರು ಬಲು ಚುರುಕು ತಾತ ಅಂತ ತಮಾಷೆ ಬೇರೆ ಮಾಡಿದ್ಯಲ್ಲ. ಯಾಕೆ ಸುಳ್ಳು ಹೇಳ್ದೆ? ಪಂದ್ಯ ತಪ್ಪುತ್ತೆ ಅಂತಾನಾ?"

ಹುಡುಗಿ ಅಲ್ಲವೆಂದು ತಲೆಯಾಡಿಸಿದಳು.

"ನನ್ನ ಮಂಡಿ ವಾಸಿ ಆಗೋವರೆಗೆ ಅನ್ನ ಮುಟ್ಟಲ್ಲ ಅಂತ ಹರಕೆ ಹೊತ್ತಿದ್ರಲ್ಲ ತಾತ. ಅವತ್ತು ಬೆಳಿಗ್ಗೆ ನೀವು ದೇವರಮನೆ ಬಾಗಿಲಲ್ಲಿ ತಲೆ ತಿರುಗಿ ಬಿದ್ರಿ."