ತಾಟು ನೋಡುವವಳು

ಚಿಕ್ಕಂದಿನಲ್ಲಿ ನಿಪ್ಪಾಣಿ ಸಂತೆಯ ಕೊನೆಗೆ ಹೋದಾಗಲೆಲ್ಲ ಒಣಮೀನಿನ ವಾಸನೆ ಬರುತ್ತಿತ್ತು. ಅಜ್ಜಿ ಮಂಗಲಳ ಮೂಗಿಗೆ ತನ್ನ ಸೆರಗು ಒತ್ತಿ ಸರಸರ ನಡೆಸುತ್ತಿದ್ದಳು. ಒಂದು ಸಲ ಅಜ್ಜಿಯ ಕೈತಪ್ಪಿ ಅಳುತ್ತ ನಿಂತವಳನ್ನು ಮೀನಿನ ಬುಟ್ಟಿಯ ಹೆಂಗಸೊಬ್ಬಳು ಪಕ್ಕಕ್ಕೆ ಕೂರಿಸಿಕೊಂಡು, ತಮ್ಮೂರಿನಲ್ಲಿ ಸೂರ್ಯ ನೀರಿನೊಳಗೇ ಮುಳುಗುತ್ತಾನೆಂದು ಮರಾಠಿಯಲ್ಲಿ ಹೇಳಿ ಅಳು ನಿಲ್ಲಿಸಿದ್ದಳು. ಈಗ ಕೊಂಕಣ ಕರಾವಳಿಯ ಮಾಲವಣದಲ್ಲಿ ಬಸ್ಸಿಳಿದಾಗ ಅದೇ ವಾಸನೆ. ಅತ್ತೆ ಕಮಲಾಬಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮಂಗಲ ಒತ್ತಿಕೊಳ್ಳಲಿಲ್ಲ.

ಬೇಡಕಿಹಾಳದಲ್ಲಿ ಕಬ್ಬೆಲ್ಲ ಕಾರ್ಖಾನೆಗೆ ಹೋಗಿ ಕೈ ಬಿಡುವಾದ ವಾರ, ಮಂಗಲಳ ಗಂಡ ಭಾವುಸಾಹೇಬ ಇಬ್ಬರನ್ನೂ ಸಮುದ್ರ ತೋರಿಸಲು ಕರೆತಂದಿದ್ದ. ದೋಣಿಯಲ್ಲಿ ಕುಳಿತದ್ದಾಯಿತು, ಮಾರುಕಟ್ಟೆಯಲ್ಲಿ ಶಂಖ ಕಿವಿಗಿಟ್ಟು ಕೇಳಿದ್ದಾಯಿತು, ಕೋಕಂ ಶರಬತ್ತು ಕುಡಿದದ್ದಾಯಿತು. ಆದರೆ ಹೊತ್ತು ಇಳಿಯತೊಡಗಿದರೆ ಮಂಗಲ ಲಾಡ್ಜಿನ ಹಿಂದಿನ ಪಡಸಾಲೆಯಲ್ಲಿ ಸ್ಟೋವ್ ಮುಂದೆ ಇರುತ್ತಿದ್ದಳು. ಜೈನರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಕಮಲಾಬಾಯಿಯ ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಇನ್ನೊಂದು ಕೆಲಸ ಸೇರಿತ್ತು. ಅನ್ನದಲ್ಲಿ ಇರುವೆ, ಹುಳ ಇಲ್ಲವೆಂದು ಬೆಳಕಿನಲ್ಲಿ ಯಾರಾದರೂ ನೋಡಿ ಹೇಳದೆ ಆಕೆ ತುತ್ತು ಎತ್ತುತ್ತಿರಲಿಲ್ಲ. ಆ ಯಾರಾದರೂ ಎಂದರೆ ಮಂಗಲಳೇ. "ಛಲೋ ಐತ್ರಿ ಅತ್ತಿ" ಎಂದು ಅವಳು ಹೇಳಬೇಕು, ಆಮೇಲೆ ಅತ್ತೆಯ ಕೈ ತಾಟಿಗೆ ಇಳಿಯಬೇಕು. ಹೀಗಾಗಿ ಸೂರ್ಯ ಅವಳ ಪಾಲಿಗೆ ಅಡುಗೆಮನೆಯ ಗಡಿಯಾರವಾಗಿದ್ದ, ನಿಂತು ನೋಡುವ ವಸ್ತುವಾಗಿರಲಿಲ್ಲ.

ಕೊನೆಯ ಸಂಜೆ. ಸಮುದ್ರದ ನಡುವಿನ ಕೋಟೆ ನೋಡಿ ದೋಣಿಯಲ್ಲಿ ಮರಳುವಾಗಲೇ ತಡವಾಗಿತ್ತು. ನಾಳಿನ ಬಸ್ಸು ವಿಚಾರಿಸಲು ಭಾವುಸಾಹೇಬ ಹೋಗಿದ್ದ. ಸ್ಟೋವ್ ಮೇಲೆ ಅನ್ನ ಇನ್ನೂ ಕುದಿಯುತ್ತಿತ್ತು. ಮಂಗಲ ಮುಚ್ಚಳ ತೆಗೆಯುತ್ತಾಳೆ, ಮುಚ್ಚುತ್ತಾಳೆ, ತೆಂಗಿನ ಮರಗಳ ಸಂದಿಯಿಂದ ಆಕಾಶ ನೋಡುತ್ತಾಳೆ.

"ಎಷ್ಟ ಸಲ ಮುಚ್ಚಳ ತಗೀತಿ? ಅನ್ನಕ್ಕೂ ನಾಚಿಕಿ ಬರತೈತಿ," ಎಂದಳು ಕಮಲಾಬಾಯಿ. "ಹೋಗ, ನೋಡಿ ಬಾ."

"ನಿಮ್ಮ ಊಟ, ಅತ್ತಿ?"

"ಭಾವು ಈಗ ಬರತಾನ. ಅವನ ಕಣ್ಣೇನ ಹೋಗ್ಯಾವ? ತಾಟ ಅವನ ನೋಡತಾನ. ನೀ ನಡಿ, ಇಲ್ಲಿ ಬೆಳಕ ಕಡಿಮಿ ಆಗಾಕತ್ತೇತಿ."

ಮಂಗಲ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಗಿಯಂತೆ ಓಡಿಯೇ ಹೋದಳು. ಸೂರ್ಯ ನೀರಿನಿಂದ ಒಂದು ಮೊಳ ಮೇಲಿದ್ದ, ತಾಮ್ರದ ಹರಿವಾಣದಂತೆ, ಕಣ್ಣಿಗೆ ಚುಚ್ಚದೆ. ಅವಳು ಉಸಿರು ಬಿಡುವಷ್ಟರಲ್ಲಿ ಪಕ್ಕದಲ್ಲಿ ಯಾರೋ ನಕ್ಕರು. ಭಾವುಸಾಹೇಬ! ಕೈಯಲ್ಲಿ ಭಜಿಯ ಪೊಟ್ಟಣ.

"ಅಂತೂ ಬಂದಿ. ಆಯಿ ಉಂಡ್ಳೇನ?"

"ನೀವ ರೂಮಿಗೆ ಹೋಗಲಿಲ್ಲೇನ್ರಿ?"

"ನಾ ಯಾಕ ಹೋಗಲಿ? ಹೊರಗ ಬೀಳೂವಾಗನ ಆಯಿ ಹೇಳ್ಯಾಳ, ಸೀದಾ ಸಮುದ್ರಕ್ಕ ಹೋಗು, ನನಗ ಉಣಿಸಿ ಮಂಗಲಾನೂ ಅಲ್ಲೇ ಬರತಾಳ ಅಂತ."

ಮಂಗಲಳಿಗೆ ಅರ್ಥವಾಯಿತು. ತಿರುಗಿ ಓಡಿದಳು. ಮರಳಿನಲ್ಲಿ ಕಾಲು ಹೂತವು. ಅರ್ಧ ದಾರಿಗೆ ಬಂದಾಗ ಹಿಂದೆ ದಂಡೆಯ ಮೇಲಿದ್ದ ಜನರೆಲ್ಲ ಒಟ್ಟಾಗಿ 'ಓ' ಎಂದು ಕೂಗಿದ್ದು ಕೇಳಿಸಿತು. ಅದು ಯಾಕೆಂದು ಅವಳಿಗೆ ಗೊತ್ತಿತ್ತು. ತಿರುಗಿ ನೋಡಲಿಲ್ಲ. ನೋಡಿದರೆ ಕಾಲು ನಿಲ್ಲುತ್ತವೆಂದು ಹೆದರಿದಳು.

ಪಡಸಾಲೆಯಲ್ಲಿ ಕತ್ತಲು ಇಳಿದಿತ್ತು. ಸ್ಟೋವ್ ಆರಿಸಿ, ಅನ್ನದ ಪಾತ್ರೆ ಮುಚ್ಚಿ, ಆ ದಿನದ ಊಟದ ಹೊತ್ತು ಮುಗಿಯಿತೆಂದು ಬಾಯಿ ಮುಕ್ಕಳಿಸಿ ಕಮಲಾಬಾಯಿ ಜಪಮಣಿ ಹಿಡಿದು ಕುಳಿತಿದ್ದಳು. ಹೆಜ್ಜೆ ಸಪ್ಪಳ ಕೇಳಿ ಮುಖ ಎತ್ತಿದಳು. ಆ ಮುಖದಲ್ಲಿ ಕತೆ ಕೇಳಲು ಕುಳಿತ ಮಗುವಿನ ಆಸೆಯಿತ್ತು.

"ಬಂದೇನವ್ವಾ? ಹೇಳ, ಹೆಂಗಿತ್ತ?"

"ನೋಡಲಿಲ್ರಿ ಅತ್ತಿ. ಇವರು ಅಲ್ಲೇ ಸಿಕ್ಕರು. ನಿಮ್ಮ ತಾಟ ಯಾರ ನೋಡತಾರ ಅಂತ ಓಡಿ ಬಂದ್ನಿ."

ಜಪಮಣಿ ನಿಂತಿತು.

"ಪೂರಾ ಮುಳುಗೂದ ನೋಡಲಿಲ್ಲ?"

"ಇಲ್ರಿ."

"ಮತ್ತ ನಾ ಉಪಾಸ ಕುಂತದ್ದ ಯಾತಕ್ಕ, ಹುಚ್ಚಿ?" ಜಪಮಣಿಯನ್ನು ಮಡಿಲಿಗೆ ಹಾಕಿ ತನಗೇ ಹೇಳಿಕೊಂಡಂತೆ ಅಂದಳು. "ಕಣ್ಣ ಛಲೋ ಇದ್ದಾಗ ನಿಮ್ಮ ಮಾವನ ಕೂಡ ನಾನೂ ಬಂದಿದ್ನಿ, ಇದ ಊರಿಗೆ. ಒಲಿ ಮುಂದ ಕುಂತ, ತಿರುಗಿ ಹೋದ್ನಿ. ನೀನಾದ್ರೂ ನೋಡ್ತಿ, ಬಂದ ಹೇಳ್ತಿ ಅಂತ ಮಾಡಿದ್ನಿ."

ಆಮೇಲೆ ಭಾವುಸಾಹೇಬ ಬಂದ. ಹಾಗೆ ಓಡುವಂಥದ್ದೇನಾಗಿತ್ತೆಂದು ಹೆಂಡತಿಯನ್ನು ಗದರಿದ. ಸಮುದ್ರದ ಸೂರ್ಯ ಹೇಗಿದ್ದನೆಂದು ತಾಯಿ ಕೇಳಿದಳು. "ಏನೈತಿ ಆಯಿ ಅದರಾಗ? ದಿನಾ ಮುಳುಗೂದ," ಎಂದು ಚಾದರ ಹಾಸಿಕೊಂಡ. ಅತ್ತೆ ಸೊಸೆ ಇಬ್ಬರೂ ಏನೂ ತಿನ್ನದೆ ಮಲಗಿದರು. ಮುಚ್ಚಿದ ಅನ್ನ ಹಾಗೆಯೇ ಇತ್ತು.

ಬೆಳಗಿನ ಬಸ್ಸು ಘಾಟು ಹತ್ತುವಾಗ ಎದುರಿನ ಗುಡ್ಡದ ಮೇಲೆ ಕೆಂಪಗೆ ಬಿಸಿಲು ಮೂಡಿತು. ಮಂಗಲ ಹಿಂದಿನ ಕಿಟಕಿಯತ್ತ ತಿರುಗಿ ನೋಡಿದಳು. ಸಮುದ್ರ ಕಾಣಿಸಲಿಲ್ಲ, ಧೂಳಷ್ಟೇ ಏಳುತ್ತಿತ್ತು.

"ಹೊತ್ತ ಹುಟ್ಟೇತೇನ?" ಎಂದಳು ಕಮಲಾಬಾಯಿ.

"ಹುಟ್ಟೇತ್ರಿ ಅತ್ತಿ."

ಕಮಲಾಬಾಯಿ ಮಡಿಲಿನ ಗಂಟು ಬಿಚ್ಚಿದಳು. ಮನೆಯಿಂದ ತಂದಿದ್ದ ಖಡಕ್ ರೊಟ್ಟಿಯ ಮೇಲೆ ಗುರೆಳ್ಳಿನ ಚಟ್ನಿಪುಡಿ ಉದುರಿಸಿದಳು. ರೊಟ್ಟಿ ನೋಡಲೆಂದು ಮಂಗಲ ಎಂದಿನಂತೆ ಬಾಗಿದಳು. ಅತ್ತೆ ಕೊಡಲಿಲ್ಲ. ರೊಟ್ಟಿಯನ್ನು ಕಿಟಕಿಯ ಬಿಸಿಲಿಗೆ ಎತ್ತಿ, ಪೊರೆ ಕಟ್ಟಿದ ಕಣ್ಣಿನ ತೀರ ಹತ್ತಿರ ಹಿಡಿದು, ಅಂಚಿನಿಂದ ಅಂಚಿಗೆ ತಾನೇ ನೋಡಿದಳು. ಆಮೇಲೆ ಅದನ್ನು ಸೊಸೆಯ ಕೈಯಲ್ಲಿಟ್ಟಳು.